ಎಂಜಿನ್ ಎಲ್ಲಿದೆ, ಬ್ರೋಷರ್ ಏನು ಹೇಳುತ್ತದೆ

ಕಾರಿನ ಎಂಜಿನ್ ಮುಂದಿರಬಹುದು, ಹಿಂದಿರಬಹುದು, ನಡುವೆಯೂ ಇರಬಹುದು. ಉದ್ದಕ್ಕೆ ಕೂತಿರಬಹುದು, ಅಡ್ಡಕ್ಕೂ ಕೂತಿರಬಹುದು. ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತಿರಬಹುದು, ‘ವಿ’ ಆಕಾರದಲ್ಲಿ ಕವಲೊಡೆದಿರಬಹುದು, ಎಡಕ್ಕೂ ಬಲಕ್ಕೂ ಮಲಗಿರಬಹುದು. ಅಲ್ಲಿ ಹುಟ್ಟಿದ ಬಲ ಮುಂದಿನ ಚಕ್ರಕ್ಕೋ ಹಿಂದಿನ ಚಕ್ರಕ್ಕೋ ನಾಲ್ಕಕ್ಕೂ ಸೇರಿಯೋ ಹೋಗುತ್ತದೆ. ಈ ನಾಲ್ಕು ಸಂಗತಿ ಸೇರಿದ್ದೇ ಎಂಜಿನ್ ವಿನ್ಯಾಸ. ಒಳಗೆ ಕಾಲು ಚಾಚಲು ಎಷ್ಟು ಜಾಗ, ಡಿಕ್ಕಿ ಎಷ್ಟು ದೊಡ್ಡದು, ಭಾರ ಹೇರಿದಾಗ ಏರಿನಲ್ಲಿ ಯಾವ ಚಕ್ರ ಜಾರುತ್ತದೆ, ಕ್ಲಚ್ ಪ್ಲೇಟ್ ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. ಆದರೆ ಶೋರೂಮಿನಲ್ಲಿ ಕೈಗೆ ಕೊಡುವ ಬ್ರೋಷರ್‌ನಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಉಳಿದ ಜಾಗವನ್ನೆಲ್ಲ ಸಿಸಿ, ಪಿಎಸ್, ಟಾರ್ಕ್, ಮೈಲೇಜ್ ಅಂಕಿಗಳು ತುಂಬಿಕೊಳ್ಳುತ್ತವೆ. ಆ ಅಂಕಿಗಳಾದರೂ ಯಾವಾಗಲೂ ಸರಿಯಿರುತ್ತವೆಯೇ ಎಂದರೆ, ಇಲ್ಲ. ಹೆಸರಾಂತ ಕಂಪನಿಗಳೇ ತಮ್ಮ ಪಟ್ಟಿಯನ್ನು ತಿದ್ದಿಕೊಂಡು ಗ್ರಾಹಕರಿಗೆ ಹಣ ವಾಪಸು ಕೊಟ್ಟದ್ದುಂಟು.

ವಿನ್ಯಾಸದ ಬಗೆಗಳನ್ನು ನೋಡಲು ಮೋಟಾರು ಸಂಗ್ರಹಾಲಯಕ್ಕೆ ಹೋಗಬೇಕಿಲ್ಲ. ಗುಂಡ್ಲುಪೇಟೆ ಕಡೆಯಿಂದ ಬಂದು ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ದಾಟಿ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಪಕ್ಕ ಅರ್ಧ ಗಂಟೆ ನಿಂತರೆ ಹೆಚ್ಚುಕಡಿಮೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಈಗ ಅಪರೂಪವಾಗಿರುವ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಹಳೆಯ ಕಾಲದ ಕ್ರಮದವು: ಎಂಜಿನ್ ಮುಂದೆ, ಉದ್ದಕ್ಕೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಸಾಗುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಬೊಲೆರೊ, ಸ್ಕಾರ್ಪಿಯೊಗಳದ್ದು ಇವತ್ತಿಗೂ ಇದೇ ಕ್ರಮ. ಹಿಂದಿನ ಸೀಟಿನ ನಡುವೆ ಕೂತವರ ಪಾದದಡಿ ಉಬ್ಬು ಬರುವುದು ಸಾಮಾನ್ಯವಾಗಿ ಈ ಶಾಫ್ಟ್‌ಗೆ ದಾರಿ ಬಿಡಲು. ಜಾಗ ತಿನ್ನುತ್ತದೆ ನಿಜ, ಆದರೆ ಭಾರ ಹೆಚ್ಚಿದಷ್ಟೂ ಹಿಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸುತ್ತೂರು ಜಾತ್ರೆಗೋ ನಂಜನಗೂಡಿನ ದೊಡ್ಡ ತೇರಿಗೋ ಜನ ತುಂಬಿಕೊಂಡು ಹೋಗುವ ಗಾಡಿಗಳಲ್ಲಿ, ಬಾಳೆಗೊನೆಯೋ ಭತ್ತದ ಮೂಟೆಯೋ ಹೇರುವ ಗೂಡ್ಸ್ ಗಾಡಿಗಳಲ್ಲಿ ಈ ಕ್ರಮ ಉಳಿದುಕೊಂಡಿರುವುದಕ್ಕೆ ಅದೇ ಕಾರಣ. 2005ರಲ್ಲಿ ಬಂದ ಟಾಟಾ ಏಸ್‌ನ ಎರಡು ಸಿಲಿಂಡರ್‌ನ ಡೀಸೆಲ್ ಎಂಜಿನ್ ಕೂಡ ಕ್ಯಾಬಿನ್ ಕೆಳಗೆ ಕೂತು ಹಿಂದಿನ ಚಕ್ರವನ್ನೇ ತಿರುಗಿಸುತ್ತದೆ.

ಮಾರುತಿ 800 ಮತ್ತು ಓಮ್ನಿಯನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ವಿನ್ಯಾಸ ಎಂದರೇನೆಂಬುದು ಚೆನ್ನಾಗಿ ಅರ್ಥವಾಗುತ್ತದೆ. ಎರಡರಲ್ಲೂ ಇದ್ದದ್ದು ಸುಜುಕಿಯ ಎಫ್8ಬಿ ಎಂಜಿನ್ನೇ: ಮೂರು ಸಿಲಿಂಡರ್, 796 ಸಿಸಿ. 800ರ ಬಾನೆಟ್ ಎತ್ತಿದರೆ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ; ಮೂರು ಸ್ಪಾರ್ಕ್ ಪ್ಲಗ್‌ಗಳು ಎಡದಿಂದ ಬಲಕ್ಕೆ ಸಾಲಾಗಿ ಕಾಣುತ್ತವೆ; ಎಂಜಿನ್ನಿನ ಒಂದು ತುದಿಗೆ ಗೇರ್‌ಬಾಕ್ಸ್, ಅಲ್ಲಿಂದ ಮುಂದಿನ ಎರಡು ಚಕ್ರಗಳಿಗೆ ಗಿಡ್ಡ ಶಾಫ್ಟ್‌ಗಳು. ಓಮ್ನಿಗೆ ಅಂಥ ಬಾನೆಟ್ಟೇ ಇಲ್ಲ. ಮುಂದಿನ ಸೀಟನ್ನು ಮೇಲೆತ್ತಿ ಮಡಚಿದರೆ ಅದರ ಅಡಿಯಲ್ಲಿ ಎಂಜಿನ್ನಿನ ತಲೆ ಕಾಣುತ್ತದೆ. ಅದೇ ಎಂಜಿನ್ ಇಲ್ಲಿ ಉದ್ದಕ್ಕೆ ತಿರುಗಿ ಕೂತು ಹಿಂದಿನ ಚಕ್ರಕ್ಕೆ ಬಲ ಕಳಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಓಮ್ನಿ ಓಡಿಸಿದವರಿಗೆ ಸೀಟು ಬಿಸಿಯಾಗುವುದು ಏಕೆಂದು ಬೇರೆ ಹೇಳಬೇಕಿಲ್ಲ. ಆದರೆ ಎಂಜಿನ್ ಸೀಟಿನ ಕೆಳಗೆ ಸರಿದದ್ದರಿಂದಲೇ ಅಷ್ಟು ಗಿಡ್ಡ ಗಾಡಿಯಲ್ಲಿ ಶಾಲೆಯ ಮಕ್ಕಳನ್ನೋ ಆಂಬುಲೆನ್ಸ್ ಸ್ಟ್ರೆಚರನ್ನೋ ಹಿಡಿಸುವಷ್ಟು ಜಾಗ ಉಳಿಯಿತು. ಎರಡು ಗಾಡಿಗಳ ಪಟ್ಟಿಯಲ್ಲಿ ‘ಮೂರು ಸಿಲಿಂಡರ್, 796 ಸಿಸಿ’ ಎಂಬಷ್ಟನ್ನೇ ಓದಿದವನಿಗೆ ಈ ವ್ಯತ್ಯಾಸದ ಸುಳಿವೂ ಸಿಗದು.

ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸುವ ಪರಿಪಾಠಕ್ಕೆ ದೊಡ್ಡ ಒತ್ತು ಸಿಕ್ಕಿದ್ದು 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಿಂದ. ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಎಣ್ಣೆಯ ತೊಟ್ಟಿಯಲ್ಲೇ ಇಟ್ಟರು. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಇಟಲಿಯ ಫಿಯಟ್ ಬಳಗದ ದಾಂತೆ ಜಕೋಸಾ 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ ತಂದು, ಎರಡು ಚಕ್ರಗಳಿಗೆ ಹೋಗುವ ಶಾಫ್ಟ್‌ಗಳ ಉದ್ದ ಬೇರೆಬೇರೆಯಾದರೂ ಪರವಾಗಿಲ್ಲವೆಂದು ತೋರಿಸಿದರು. ಹೆಸರು ಮಾಡಿದ್ದು ಮಿನಿ; ಉಳಿದದ್ದು ಜಕೋಸಾ ಕ್ರಮ. ಮಾರುತಿ 800, ಇಂಡಿಕಾ, ಸ್ಯಾಂಟ್ರೊ, ಸ್ವಿಫ್ಟ್ ಎಲ್ಲವೂ ಅದೇ ಜಾಡಿನವು.

ಹಿಂದೆ ಎಂಜಿನ್ ಇರುವ ಕಾರು ಭಾರತದಲ್ಲಿ ವಿರಳ. 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೋ ಅಂಥದ್ದು. 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಹಿಂದಿನ ಸೀಟಿನ ಬೆನ್ನಿಗಿತ್ತು; ಮುಂದೆ ಬಾನೆಟ್ಟಿನಂತೆ ಕಾಣುವ ಮುಚ್ಚಳ ತೆಗೆದರೆ ಸಿಗುತ್ತಿದ್ದುದು ಸ್ಟೆಪ್ನಿ ಚಕ್ರ. ಮೊದಲ ನ್ಯಾನೋಗಳಲ್ಲಿ ಹಿಂಬಾಗಿಲು ತೆರೆಯುತ್ತಲೇ ಇರಲಿಲ್ಲ. ಹಾಗೆ ನೋಡಿದರೆ ಬೀದಿಬೀದಿಯ ಆಟೋರಿಕ್ಷಾವೂ ಹಿಂದೆ ಎಂಜಿನ್ ಇರುವ ವಾಹನವೇ. ಬಸ್ಸುಗಳಲ್ಲಿ ಇದು ಇನ್ನೂ ಸ್ಪಷ್ಟ. ಹಳೆಯ ಕೆಂಪು ಬಸ್ಸಿನಲ್ಲಿ ಡ್ರೈವರ್ ಪಕ್ಕದ ದೊಡ್ಡ ಉಬ್ಬಿನ ಒಳಗೆ ಎಂಜಿನ್ ಗುಡುಗುತ್ತಿರುತ್ತದೆ. ಕೆಎಸ್‌ಆರ್‌ಟಿಸಿಯ ಐರಾವತಗಳಾಗಿ ಓಡಿದ ವೋಲ್ವೊ ಬಸ್ಸುಗಳಲ್ಲಿ ಅದು ಕಟ್ಟಕಡೆಯ ಸೀಟಿನ ಹಿಂದೆ. ಹೊಸಕೋಟೆಯಲ್ಲಿ ತಯಾರಾದ ಆ ಬಸ್ಸುಗಳ ಬಿ7ಆರ್ ಎಂಬ ಹೆಸರಿನಲ್ಲೇ ಎಲ್ಲವೂ ಇದೆ: ‘ಬಿ’ ಬಸ್ಸಿಗೆ, 7 ಲೀಟರಿನ ಎಂಜಿನ್ನಿಗೆ, ‘ಆರ್’ ಹಿಂಬದಿಗೆ. ವಿನ್ಯಾಸವನ್ನು ಹೆಸರಿನಲ್ಲೇ ಪ್ರಾಮಾಣಿಕವಾಗಿ ಬರೆದುಕೊಂಡ ವಾಹನ ಸಿಗುವುದು ಅಪರೂಪ.

ಹೆಸರು ಹಾಗೇ ಉಳಿದು ವಿನ್ಯಾಸ ತಲೆಕೆಳಗಾಗುವುದೂ ಉಂಟು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾ, 2016ರ ಇನ್ನೋವಾ ಕ್ರಿಸ್ಟಾ ಎರಡೂ ಲಾರಿಯಂತೆ ಚಾಸಿ ಮೇಲೆ ಕೂರಿಸಿದ ಗಾಡಿಗಳು. ಎಂಜಿನ್ ಉದ್ದಕ್ಕೆ, ಬಲ ಹಿಂದಿನ ಚಕ್ರಕ್ಕೆ. 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಚಾಸಿ ಹೋಯಿತು, ಎಂಜಿನ್ ಅಡ್ಡಕ್ಕೆ ತಿರುಗಿತು, ಬಲ ಮುಂದಿನ ಚಕ್ರಕ್ಕೆ ಬಂತು. ತಲಕಾಡು, ಸೋಮನಾಥಪುರಕ್ಕೆ ಪ್ರವಾಸಿಗಳನ್ನು ಒಯ್ಯುವ ಟ್ಯಾಕ್ಸಿ ಮಾಲೀಕರಿಗೆ ಇದು ಬರೀ ಮಾಹಿತಿಯಲ್ಲ. ಉದ್ದಕ್ಕಿರುವ ಎಂಜಿನ್ನಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಲು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಿದರೆ ಸಾಕು. ಅಡ್ಡ ಎಂಜಿನ್ನಿನಲ್ಲಿ ಮುಂದಿನ ಚಕ್ರಗಳ ಶಾಫ್ಟ್‌ಗಳು ಹೊರಬರಬೇಕು. ಇಕ್ಕಟ್ಟಿನಲ್ಲಿ ಕೈ ಆಡಿಸಬೇಕು. ಕೆಲವು ಮಾದರಿಗಳಲ್ಲಿ ಎಂಜಿನ್ನನ್ನೇ ಸ್ವಲ್ಪ ತಗ್ಗಿಸಬೇಕು. ಅದಕ್ಕೆ ಬದಲಾಗಿ ಸಿಗುವುದು ಹೆಚ್ಚು ಜಾಗ, ಕಡಿಮೆ ತೂಕ, ಸಮತಟ್ಟಾದ ನೆಲ. ಯಾವುದು ಮೇಲು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರಬೇಕು, ಅಷ್ಟೆ.

ಸಿಲಿಂಡರ್‌ಗಳ ಲೆಕ್ಕ ಮತ್ತು ಜೋಡಣೆಯಲ್ಲೂ ಕಣ್ಣು ಮೋಸಹೋಗುತ್ತದೆ. ಮೈಸೂರು ಸೀಮೆಗೆ ಇದರ ಅನುಭವ ಹಳೆಯದು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ 250 ಬೈಕುಗಳಿಗೆ ಎರಡೂ ಬದಿಗೆ ಒಂದೊಂದು ಸೈಲೆನ್ಸರ್ ಇತ್ತು. ಎರಡು ಸೈಲೆನ್ಸರ್ ಎಂದ ಮೇಲೆ ಎರಡು ಸಿಲಿಂಡರ್ ಇರಬೇಕೆಂದು ಎಷ್ಟೋ ಜನ ತಿಳಿದಿದ್ದರು. ಇದ್ದದ್ದು ಒಂದೇ ಸಿಲಿಂಡರ್. ಅದರಿಂದ ಹೊಗೆ ಹೊರಗೆ ಹೋಗಲು ಎರಡು ದಾರಿ. ನಿಜವಾದ ಎರಡು ಸಿಲಿಂಡರ್‌ನ ಯೆಜ್ಡಿ 350 ಬಂದದ್ದು 1980ರ ದಶಕದಲ್ಲಿ. ಅದರ ಹೆಸರು 350, ಒಳಗಿದ್ದದ್ದು 343 ಸಿಸಿ.

ನೋಡುವವರು ತಪ್ಪು ತಿಳಿಯುವುದು ಸಹಜ. ಕಂಪನಿಯೇ ತನ್ನ ಎಂಜಿನ್ನಿಗೆ ತಪ್ಪು ಹೆಸರಿಟ್ಟರೆ? ಆ ಕೆಲಸವನ್ನು ಮಾಡಿದ್ದು ಫೆರಾರಿ. 1973ರಲ್ಲಿ ಮಾರಾಟಕ್ಕೆ ಬಂದ 365 ಜಿಟಿ4 ಬಿಬಿ ಕಾರಿನ ‘ಬಿಬಿ’ ಎಂಬುದನ್ನು ‘ಬರ್ಲಿನೆಟ್ಟಾ ಬಾಕ್ಸರ್’ ಎಂದು ಬಿಡಿಸುತ್ತಿದ್ದರು. ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರ್‌ಗಳು ಎರಡು ಬದಿಗೆ ಮಲಗಿರುತ್ತವೆ, ಎದುರುಬದುರು ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ ಹೋಗಿ ಒಟ್ಟಿಗೆ ಒಳಕ್ಕೆ ಬರುತ್ತವೆ. ಹಾಗಾಗಬೇಕಾದರೆ ಕ್ರ್ಯಾಂಕ್‌ಶಾಫ್ಟಿನಲ್ಲಿ ಪ್ರತಿ ಪಿಸ್ಟನ್ನಿಗೂ ಅದರದೇ ಪಿನ್ ಇರಬೇಕು. ಸುಬರು ಕಾರು, ಪೋರ್ಷೆ 911, ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್, ಬಿಎಂಡಬ್ಲ್ಯುವಿನ ಮಲಗು ಸಿಲಿಂಡರ್ ಬೈಕುಗಳಲ್ಲಿ ಇರುವುದು ಹಾಗೆಯೇ. ಫೆರಾರಿಯ ಎಂಜಿನ್ನಿನಲ್ಲಾದರೋ ಎದುರುಬದುರಿನ ಎರಡು ಪಿಸ್ಟನ್‌ಗಳಿಗೆ ಒಂದೇ ಪಿನ್. ಒಂದು ಒಳಗೆ ಬಂದಾಗ ಇನ್ನೊಂದು ಹೊರಗೆ ಹೋಗುತ್ತದೆ. ಅಂದರೆ ಅದು 180 ಡಿಗ್ರಿಗೆ ಪೂರ್ತಿ ಬಿಚ್ಚಿಕೊಂಡ ವಿ12. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎಂಜಿನ್ ಬಿಚ್ಚಿದರೆ ತಿಳಿಯುತ್ತದೆ. ಪೋರ್ಷೆಯ 917 ರೇಸ್ ಕಾರಿನದ್ದೂ ಇಂಥದ್ದೇ ಎಂಜಿನ್. ಬಾಕ್ಸರ್ ಎಂಬ ಮಾತು ಮಾತ್ರ ಫೆರಾರಿಗೆ ಎಷ್ಟು ಅಂಟಿತೆಂದರೆ ಇವತ್ತಿಗೂ ಪತ್ರಿಕೆಗಳು ಹಾಗೆಯೇ ಬರೆಯುತ್ತವೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬ್ರೋಷರ್‌ಗಳಲ್ಲಿ ಕಾಣುವ ‘2 ಡಬ್ಲ್ಯುಡಿ’ ಎಂಬ ಮಾತನ್ನೇ ನೋಡಬಹುದು. ಎರಡು ಚಕ್ರಕ್ಕೆ ಬಲ ಎಂದಷ್ಟೇ ಅದರ ಅರ್ಥ. ರೆನೋ ಡಸ್ಟರ್‌ನ 2 ಡಬ್ಲ್ಯುಡಿಯಲ್ಲಿ ಆ ಎರಡು ಚಕ್ರ ಮುಂದಿನವು, ಸ್ಕಾರ್ಪಿಯೊದ 2 ಡಬ್ಲ್ಯುಡಿಯಲ್ಲಿ ಹಿಂದಿನವು. ಮಳೆಗಾಲದಲ್ಲಿ ಗದ್ದೆ ಬದಿಯ ಕೆಸರು ದಾರಿಯಲ್ಲಿ ಇವೆರಡೂ ನಡೆದುಕೊಳ್ಳುವ ರೀತಿ ಬೇರೆ, ಕಾಗದದ ಮೇಲೆ ಮಾತ್ರ ಒಂದೇ. ಸರ್ಕಾರಿ ಕಾಗದವೂ ಇಲ್ಲಿ ನೆರವಿಗೆ ಬರುವುದಿಲ್ಲ. ಹೊಸ ಗಾಡಿಯ ನೋಂದಣಿಗೆ ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ, ಅಂದರೆ ಫಾರಂ 21ರಲ್ಲಿ, ಚಾಸಿ ನಂಬರು, ಎಂಜಿನ್ ನಂಬರು, ಸಿಲಿಂಡರ್ ಸಂಖ್ಯೆ, ಸಿಸಿ, ಇಂಧನ, ಸೀಟು, ತೂಕ, ಬಣ್ಣ ಎಲ್ಲಕ್ಕೂ ಕಾಲಂ ಇದೆ. ಎಂಜಿನ್ ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ ಎಂಬುದಕ್ಕೆ ಇಲ್ಲ.

ಕಂಪನಿಗಳು ಪ್ರಕಟಿಸುವ ಅಂಕಿಗಳಲ್ಲಿ ತಪ್ಪು ನುಸುಳುವುದು ಹಲವು ದಾರಿಗಳಿಂದ. ಅವುಗಳಲ್ಲಿ ಸಿಸಿಯ ತಪ್ಪು ಹಿಡಿಯಲು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ಬರೀ ಲೆಕ್ಕ. ಸಿಲಿಂಡರಿನ ಒಳ ಅಗಲ ಬೋರ್; ಪಿಸ್ಟನ್ ಮೇಲೆ ಕೆಳಗೆ ಆಡುವ ದೂರ ಸ್ಟ್ರೋಕ್. ಬೋರನ್ನು ಬೋರಿನಿಂದಲೇ ಗುಣಿಸಿ, ಅದನ್ನು 0.7854ರಿಂದ, ಆಮೇಲೆ ಸ್ಟ್ರೋಕಿನಿಂದ, ಕೊನೆಗೆ ಸಿಲಿಂಡರ್ ಸಂಖ್ಯೆಯಿಂದ ಗುಣಿಸಬೇಕು. ಅಳತೆ ಮಿಲಿಮೀಟರಿನಲ್ಲಿದ್ದರೆ ಬಂದ ಮೊತ್ತವನ್ನು 1000ದಿಂದ ಭಾಗಿಸಿದರೆ ಸಿಸಿ. ಮಾರುತಿ 800ರ ಬೋರ್ 68.5, ಸ್ಟ್ರೋಕ್ 72, ಸಿಲಿಂಡರ್ 3: ಉತ್ತರ 796. ಪದ್ಮಿನಿಯ 68, 75 ಮತ್ತು 4 ಹಾಕಿದರೆ 1089. ಸ್ವಿಫ್ಟ್‌ನ ಹಳೆಯ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ 73, 71.5, 4 ಹಾಕಿದರೆ 1197. ಬೋರ್, ಸ್ಟ್ರೋಕ್, ಸಿಸಿ ಮೂರನ್ನೂ ಅಚ್ಚು ಹಾಕಿದ ಪಟ್ಟಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮೂರರಲ್ಲಿ ಒಂದು ತಪ್ಪು. ಹೆಚ್ಚಾಗಿ ಹಳೆಯ ಮಾದರಿಯ ಪಟ್ಟಿಯಿಂದ ನಕಲು ಮಾಡುವಾಗ ಬಿಟ್ಟುಹೋದ ಸಾಲು.

ಹೆಸರಿನಲ್ಲಿರುವ ಸಂಖ್ಯೆ ಮಾತ್ರ ಅಳತೆಯಲ್ಲ, ಅಂದಾಜು. ಅಮೆರಿಕದ ಫೋರ್ಡ್ ಮಸ್ಟಾಂಗ್ ‘5.0’ ಎಂದು ಬದಿಯಲ್ಲಿ ಬರೆಸಿಕೊಂಡು ವರ್ಷಗಟ್ಟಲೆ ಓಡಿದ ಎಂಜಿನ್ನಿನ ನಿಜವಾದ ಗಾತ್ರ 4942 ಸಿಸಿ. ನಿಯಮದ ಪ್ರಕಾರ ಅದನ್ನು 4.9 ಎನ್ನಬೇಕಿತ್ತು. ಭಾರತದಲ್ಲಿ ಈ ಕೆಲವೇ ಸಿಸಿಗಳ ಬೆಲೆ ದೊಡ್ಡದು. 4 ಮೀಟರ್ ಒಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್ ಇದ್ದರೆ ಸಣ್ಣ ಕಾರು ಎಂದು 2006ರ ಕೇಂದ್ರ ಬಜೆಟ್ಟು ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಆಮೇಲೆ ಬಂದ ಕಾರುಗಳ ಪಟ್ಟಿಯಲ್ಲಿ 1197, 1199, 1248, 1497 ಸಿಸಿ ಮತ್ತು 3995 ಮಿಲಿಮೀಟರ್ ಉದ್ದ ಮತ್ತೆ ಮತ್ತೆ ಕಾಣುವುದು ಕಾಕತಾಳೀಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಲ್ಲೂ ಅದೇ ಗೆರೆ: ಒಳಗಿದ್ದರೆ ಶೇ 18, ದಾಟಿದರೆ ಶೇ 40. ದೆಹಲಿಯಲ್ಲಿ 2000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಗಾಡಿಗಳ ನೋಂದಣಿಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ತಡೆದಾಗ ಮಹೀಂದ್ರ ಕಂಪನಿ ತಿಂಗಳೊಪ್ಪತ್ತಿನಲ್ಲೇ 1.99 ಲೀಟರಿನ ಎಂಜಿನ್ ತಂದು ನಿಲ್ಲಿಸಿತ್ತು. ತೆರಿಗೆ ಮತ್ತು ಕಾನೂನು ಎಂಜಿನ್ನಿನ ಗಾತ್ರವನ್ನು ಎಂಜಿನಿಯರ್‌ಗಿಂತ ಹೆಚ್ಚಾಗಿ ನಿರ್ಧರಿಸುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಶಕ್ತಿಯ ಅಂಕಿಗೆ ಬಂದರೆ ಮೊದಲ ಗೊಂದಲ ಅಳತೆಗೋಲಿನದು. ಒಂದು ಪಿಎಸ್ ಅಂದರೆ 735.5 ವ್ಯಾಟ್, ಒಂದು ಬಿಎಚ್‌ಪಿ ಅಂದರೆ 745.7 ವ್ಯಾಟ್. 100 ಪಿಎಸ್‌ನ ಕಾರು 98.6 ಬಿಎಚ್‌ಪಿಯದು. ಒಂದೇ ಕಾರಿಗೆ ಬ್ರೋಷರ್‌ನಲ್ಲಿ 100 ಪಿಎಸ್, ಜಾಹೀರಾತಿನಲ್ಲಿ 100 ಬಿಎಚ್‌ಪಿ ಎಂದಿದ್ದರೆ ಎರಡರಲ್ಲಿ ಒಂದು ತಪ್ಪು. ಟಾರ್ಕಿನಲ್ಲೂ ಇದೇ ಕತೆ: ಹಳೆಯ ಪಟ್ಟಿಗಳ ಕೆಜಿಎಂ ಅಂಕಿಯನ್ನು 9.8ರಿಂದ ಗುಣಿಸಿದರೆ ಈಗಿನ ನ್ಯೂಟನ್ ಮೀಟರ್. ಅಚ್ಚಿನ ತಪ್ಪು ಹಿಡಿಯಲು ಇನ್ನೊಂದು ಉಪಾಯವಿದೆ. ಗರಿಷ್ಠ ಶಕ್ತಿಯ ಕಿಲೋವ್ಯಾಟನ್ನು 9549ರಿಂದ ಗುಣಿಸಿ, ಆ ಶಕ್ತಿ ಸಿಗುವ ಆರ್‌ಪಿಎಂನಿಂದ ಭಾಗಿಸಿದರೆ ಆ ವೇಗದಲ್ಲಿರುವ ಟಾರ್ಕ್ ಸಿಗುತ್ತದೆ. ಅದು ಪಟ್ಟಿಯಲ್ಲಿರುವ ಗರಿಷ್ಠ ಟಾರ್ಕಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. 2018ರ ಸ್ವಿಫ್ಟ್ ಪೆಟ್ರೋಲಿಗೆ 6000 ಆರ್‌ಪಿಎಂನಲ್ಲಿ 61 ಕಿಲೋವ್ಯಾಟ್ ಎಂದಿತ್ತು. ಲೆಕ್ಕ ಹಾಕಿದರೆ 97. ಗರಿಷ್ಠ ಟಾರ್ಕ್ 113. ಲೆಕ್ಕ ಕೂಡಿತು.

ಅಳೆಯುವ ಕ್ರಮ ಬದಲಾದರೂ ಅಂಕಿ ಬದಲಾಗುತ್ತದೆ. ಅಮೆರಿಕದಲ್ಲಿ 1971ರ ಮಾದರಿಗಳವರೆಗೆ ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಏರ್ ಕ್ಲೀನರ್, ಆಲ್ಟರ್ನೇಟರ್, ಸೈಲೆನ್ಸರ್ ಒಂದೂ ಇಲ್ಲದೆ ಓಡಿಸಿ ಬಂದ ಶಕ್ತಿಯನ್ನೇ ಜಾಹೀರಾತಿನಲ್ಲಿ ಹಾಕುತ್ತಿದ್ದರು. ಕಾರಿನಲ್ಲಿ ಕೂರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆಯಬೇಕೆಂದಾಗ ಅದೇ ಎಂಜಿನ್‌ಗಳ ಅಂಕಿ ಒಮ್ಮೆಲೇ ಕುಸಿಯಿತು. 2005ರಲ್ಲಿ ಅಲ್ಲಿನ ಎಸ್‌ಎಇ ಸಂಸ್ಥೆ ನಿಯಮಗಳನ್ನು ಮತ್ತಷ್ಟು ಬಿಗಿ ಮಾಡಿದಾಗ ಟೊಯೊಟಾ ಕ್ಯಾಮ್ರಿಯ 3 ಲೀಟರ್ ವಿ6 ಎಂಜಿನ್ 210ರಿಂದ 190 ಅಶ್ವಶಕ್ತಿಗೆ ಇಳಿಯಿತು. ಎಂಜಿನ್ನಿನ ಒಂದು ಬೋಲ್ಟನ್ನೂ ಯಾರೂ ಮುಟ್ಟಿರಲಿಲ್ಲ.

ಇವು ಕ್ರಮದ ವ್ಯತ್ಯಾಸಗಳು. ನೇರವಾದ ತಪ್ಪುಗಳೂ ಇವೆ. ಮಜ್ದಾ ತನ್ನ 2001ರ ಮಿಯಾಟಾ ಕಾರಿಗೆ 155 ಅಶ್ವಶಕ್ತಿ ಎಂದು ಸಾರಿ, ಆಮೇಲೆ 142 ಎಂದು ತಿದ್ದಿಕೊಂಡಿತು. ಬೇಡವೆಂದವರಿಂದ ಕಾರನ್ನು ವಾಪಸು ಕೊಳ್ಳಲು ಮುಂದಾಯಿತು. ಹ್ಯುಂಡೈ 2002ರಲ್ಲಿ ಒಪ್ಪಿಕೊಂಡದ್ದು ಇನ್ನೂ ದೊಡ್ಡ ಲೆಕ್ಕ: ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಿದ ಸುಮಾರು 13 ಲಕ್ಷ ಕಾರುಗಳ ಶಕ್ತಿಯನ್ನು ಹೆಚ್ಚಾಗಿ ತೋರಿಸಲಾಗಿತ್ತು.

ಮೈಲೇಜು ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟಿಸುವ ಅಂಕಿ. ಬ್ರೋಷರ್‌ನಲ್ಲಿರುವುದು ರಸ್ತೆಯಲ್ಲಿ ಓಡಿಸಿ ಅಳೆದದ್ದಲ್ಲ. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ ನಿಲ್ಲಿಸಿ, 1180 ಸೆಕೆಂಡ್ ಕಾಲ, ಎಷ್ಟನೆಯ ಸೆಕೆಂಡಿಗೆ ಎಷ್ಟು ವೇಗ ಎಂದು ಮೊದಲೇ ಗೊತ್ತುಮಾಡಿದ ಪಟ್ಟಿಯಂತೆ ಓಡಿಸಲಾಗುತ್ತದೆ. ಭಾರತದ ಆ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ಹಂಪ್ ಇಲ್ಲ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದಿಲ್ಲ. ಆದ್ದರಿಂದ ಊರಿನ ಮೈಲೇಜು ಅದಕ್ಕಿಂತ ಕಡಿಮೆ ಬಂದರೆ ಅದೇ ಮೋಸವೆನ್ನಲಾಗದು. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಆ ಅಂಕಿ ಸಾಕು. ತಿಂಗಳ ಪೆಟ್ರೋಲ್ ಖರ್ಚು ಲೆಕ್ಕ ಹಾಕಲು ಸಾಲದು.

ರೋಲರ್ ಮೇಲೆ ನಿಂತ ಕಾರಿಗೆ ಎದುರುಗಾಳಿಯಿಲ್ಲ, ಟೈರಿನ ಉಜ್ಜಾಟವೂ ರಸ್ತೆಯಂತಿಲ್ಲ. ಆ ತಡೆಯನ್ನು ರೋಲರ್‌ಗೆ ಹೇಳಿಕೊಡಬೇಕಾದರೆ, ಮೊದಲು ಬಯಲಿನಲ್ಲಿ ಕಾರನ್ನು ವೇಗವಾಗಿ ಓಡಿಸಿ, ನ್ಯೂಟ್ರಲ್‌ಗೆ ಹಾಕಿ, ತಾನಾಗಿ ನಿಧಾನವಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಬೇಕು. ಇಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಮೈಲೇಜಿನ ಅಂಕಿ ಹಾಳು. 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ಸುಮಾರು 9 ಲಕ್ಷ ಕಾರುಗಳ ಮೈಲೇಜನ್ನು ಇಳಿಸಬೇಕಾಗಿ ಬಂದದ್ದು ಈ ಪರೀಕ್ಷೆಯ ದೋಷದಿಂದ. ಎರಡು ವರ್ಷದ ಬಳಿಕ 10 ಕೋಟಿ ಡಾಲರ್ ದಂಡವನ್ನೂ ಕಟ್ಟಿದವು. 2016ರಲ್ಲಿ ಜಪಾನಿನ ಮಿತ್ಸುಬಿಷಿ 6.25 ಲಕ್ಷ ಸಣ್ಣ ಕಾರುಗಳ ಅಂಕಿಯನ್ನು ತಿರುಚಿದ್ದಾಗಿ ಒಪ್ಪಿಕೊಂಡಿತು. ಅವುಗಳಲ್ಲಿ ಹೆಚ್ಚಿನವನ್ನು ನಿಸ್ಸಾನ್‌ಗಾಗಿ ತಯಾರಿಸಲಾಗಿತ್ತು. ತಪ್ಪು ಹಿಡಿದದ್ದೂ ನಿಸ್ಸಾನೇ. ಅದೇ ವರ್ಷ ಸುಜುಕಿ ಕೂಡ ಜಪಾನಿನಲ್ಲಿ ನಿಯಮ ಮೀರಿ ಪರೀಕ್ಷಿಸಿದ್ದಾಗಿ ಹೇಳಿತು. ಕಾರಣ ವಿಚಿತ್ರ: ಸಗಾರದಲ್ಲಿರುವ ಅದರ ಪರೀಕ್ಷಾ ರಸ್ತೆ ಸಮುದ್ರದ ಹತ್ತಿರದ ಗುಡ್ಡದ ಮೇಲಿದ್ದು, ಗಾಳಿ ಹೆಚ್ಚಾಗಿ ಕಾರು ತಾನಾಗಿ ನಿಲ್ಲುವ ಹೊತ್ತನ್ನು ಅಳೆಯಲು ಆಗುತ್ತಿರಲಿಲ್ಲವಂತೆ. ಆದ್ದರಿಂದ ಟೈರು, ಬ್ರೇಕು ಮುಂತಾದವನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಿದ್ದರು.

ಸಣ್ಣಪುಟ್ಟ ಅಂಕಿಗಳಲ್ಲೂ ಹೇಳದೆ ಉಳಿಯುವುದು ಬಹಳ. ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ ಖಾಲಿ ಗಾಡಿಯದೋ ಐದು ಜನ ಕೂತಾಗಿನದೋ ಎಂಬುದರ ಮೇಲೆ ಕೆಲವು ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಹೊಲದ ದಾರಿಯಲ್ಲಿ ಕಲ್ಲು ತಾಗುವುದು ಆ ಕೆಲವು ಸೆಂಟಿಮೀಟರಿನಲ್ಲೇ. ಡಿಕ್ಕಿಯ ಲೀಟರನ್ನು ಕಿಟಕಿಯ ಮಟ್ಟದವರೆಗೆ ಅಳೆದರೋ ಚಾವಣಿಯವರೆಗೋ ಎಂದೂ ಕೇಳಿಕೊಳ್ಳಬೇಕು. ಸಿಎನ್‌ಜಿ ಸಿಲಿಂಡರ್ ಕೂತ ಮಾದರಿಯಲ್ಲಿ ಪೆಟ್ರೋಲ್ ಮಾದರಿಯ ಲೀಟರ್ ಲೆಕ್ಕಕ್ಕೆ ಅರ್ಥವೇ ಇಲ್ಲ.

ತಪ್ಪು ಬೇರೆ, ತಟವಟ ಬೇರೆ. 2013ರಲ್ಲಿ ಜನರಲ್ ಮೋಟಾರ್ಸ್ ಭಾರತದಲ್ಲಿ 2005ರಿಂದ ತಯಾರಿಸಿದ್ದ 1.14 ಲಕ್ಷ ಶೆವ್ರೊಲೆ ಟವೇರಾಗಳನ್ನು ವಾಪಸು ಕರೆಸಿತು. ಹೊಗೆ ಪರೀಕ್ಷೆಗೆ ಹೋಗುವ ಗಾಡಿಗಳಿಗೆ ಆಯ್ದ ಎಂಜಿನ್‌ಗಳನ್ನು ಕೂರಿಸಿ ಕಳಿಸಿದ್ದನ್ನು ಕಂಪನಿಯೇ ಸರ್ಕಾರಕ್ಕೆ ತಿಳಿಸಿತ್ತು. ಕರ್ನಾಟಕದ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಟವೇರಾ ಸಾಮಾನ್ಯವಾಗಿದ್ದ ಕಾಲ ಅದು. 2015ರ ಫೋಕ್ಸ್‌ವ್ಯಾಗನ್ ಹಗರಣದಲ್ಲಿ, ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಜಗತ್ತಿನ 1.1 ಕೋಟಿ ಡೀಸೆಲ್ ಕಾರುಗಳಲ್ಲಿತ್ತು. ಭಾರತದಲ್ಲಿ ವಾಪಸು ಕರೆಸಿದ್ದು ಸುಮಾರು 3.23 ಲಕ್ಷ.

ಬ್ರೋಷರ್‌ನ ಕೊನೆಯ ಪುಟದ ಕೆಳತುದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ‘ಮುನ್ಸೂಚನೆ ಇಲ್ಲದೆ ವಿವರಗಳು ಬದಲಾಗಬಹುದು’ ಎಂಬರ್ಥದ ಸಾಲು ಇದ್ದೇ ಇರುತ್ತದೆ. ಆ ಸಾಲು ಕಂಪನಿಯನ್ನು ಎಲ್ಲದರಿಂದಲೂ ಪಾರು ಮಾಡುವುದಿಲ್ಲ. ಗಡಿಯಾಚೆಯ ತ್ರಿಶೂರಿನ ಜಿಲ್ಲಾ ಗ್ರಾಹಕರ ಆಯೋಗ 2022ರಲ್ಲಿ ಫೋರ್ಡ್ ಕಂಪನಿ ಮತ್ತು ಡೀಲರ್ ವಿರುದ್ಧ ಕೊಟ್ಟ ಆದೇಶ ಇದಕ್ಕೆ ನಿದರ್ಶನ. ಕಾರು ಲೀಟರಿಗೆ 32 ಕಿಲೋಮೀಟರ್ ಕೊಡುತ್ತದೆ ಎಂದು ಜಾಹೀರಾತು ಹೇಳಿತ್ತು. ಆಯೋಗ ನೇಮಿಸಿದ ತಜ್ಞರು ಓಡಿಸಿ ನೋಡಿದಾಗ ಬಂದದ್ದು 19.6. ಗ್ರಾಹಕರಿಗೆ 3.10 ಲಕ್ಷ ರೂಪಾಯಿ ಕೊಡಬೇಕೆಂದು ಆಯೋಗ ಹೇಳಿತು. ಅಲ್ಲಿ ತೂಗಿದ್ದು ಜಾಹೀರಾತಿನ ಕಾಗದ ಮತ್ತು ಸ್ವತಂತ್ರ ಪರೀಕ್ಷೆ, ಬರೀ ದೂರು ಅಲ್ಲ.

ಹೀಗಾಗಿ ಕೊಳ್ಳುವ ದಿನದ ಬ್ರೋಷರನ್ನು ಬಿಲ್ಲಿನ ಜೊತೆ ಜೋಪಾನವಾಗಿಡಬೇಕು. ಮೊಬೈಲಿನಲ್ಲಿ ನೋಡಿದ್ದಾದರೆ ಆ ಪುಟದ ಚಿತ್ರವನ್ನು ತಾರೀಖು ಸಹಿತ ಉಳಿಸಿಕೊಳ್ಳಬೇಕು. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಳ್ಳಬೇಕು. ಟೆಸ್ಟ್ ಡ್ರೈವ್‌ಗೆ ಮೊದಲು ಬಾನೆಟ್ ತೆಗೆಸಿ ಎಂಜಿನ್ ಅಡ್ಡವೋ ಉದ್ದವೋ ಕಣ್ಣಾರೆ ನೋಡುವುದಕ್ಕೆ ಎರಡು ನಿಮಿಷ ಸಾಕು. ವಿವರ ಸುಳ್ಳೆಂದು ಕಂಡರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ ದೆಹಲಿಯಲ್ಲಿರಲಿ. ನಂಜನಗೂಡು, ತಿ. ನರಸೀಪುರದವರಿಗೆ ಅದು ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5ರಿಂದ 10 ಲಕ್ಷ ರೂಪಾಯಿಯಾದರೆ ಶುಲ್ಕ 200 ರೂಪಾಯಿ. 5 ಲಕ್ಷದೊಳಗಾದರೆ ಶುಲ್ಕವೇ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮೊದಲು ವಿಚಾರಿಸಿಕೊಳ್ಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.